ಚಾಮುಂಡಮ್ಮನವರ ಒತ್ತಕ್ಷರ

ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಶ್ರೀರಾಂಪುರ ನಿವಾಸಿಗಳ ಸಂಘದ ಬಂಧುಗಳೇ, ಇಂದಿನ ಸನ್ಮಾನಕ್ಕೆ ಭಾಜನರಾಗಿರುವ ಚಾಮುಂಡಮ್ಮನವರೇ, ಹಿಂದಿನಿಂದ ಬಿಸಿಬೇಳೆಬಾತಿನ ಪರಿಮಳ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ಐದು ನಿಮಿಷದಲ್ಲಿ ಮುಗಿಸಿ ಎಂದಿದ್ದಾರೆ ಕಾರ್ಯದರ್ಶಿಗಳು. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿದ್ದವನು ನಾನು. ಜನರನ್ನು ಕಾಯಿಸಿ ಅಭ್ಯಾಸವೇ ಹೊರತು ಬೇಗ ಮುಗಿಸಿ ಅಭ್ಯಾಸವಿಲ್ಲ.

ಸದಾಶಿವಯ್ಯ ಮೇಷ್ಟ್ರನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ನಿವೃತ್ತರಾದ ಮೇಲೂ ಮೇಟಗಳ್ಳಿಯಲ್ಲಿ ಸಂಜೆ ತರಗತಿ ನಡೆಸಿ ಮುನ್ನೂರು ಜನಕ್ಕೆ ಸಹಿ ಕಲಿಸಿದವರು. "ಹೆಬ್ಬೆಟ್ಟಿರೋದು ಪೆನ್ನು ಹಿಡಿಯೋಕೆ ಕಣ್ರಪ್ಪ, ಮಸಿ ಮೆತ್ತೋಕಲ್ಲ" ಎನ್ನುತ್ತಿದ್ದರು. ಆ ಮುನ್ನೂರರಲ್ಲಿ ನಮ್ಮ ಚಾಮುಂಡಮ್ಮನವರೂ ಒಬ್ಬರು. ಹೆಸರಿನ ಕೊನೆಯ ಒತ್ತಕ್ಷರ ಮಾತ್ರ ಬಿಟ್ಟುಬಿಡುತ್ತಿದ್ದರು. ಚಾಮುಂಡಮ ಎಂದು ಸಹಿ ಹಾಕಿಯೇ ನಮ್ಮಲ್ಲಿ ಖಾತೆ ತೆರೆದಿದ್ದರು.

ತೊಂಬತ್ತೆಂಟರ ಹೊತ್ತಿಗೆ ಮೇಷ್ಟ್ರಿಗೆ ಮರೆವಿನ ಕಾಯಿಲೆ ಬಲಿತಿತ್ತು. ನೋಡಿಕೊಳ್ಳಲು ವಿಧವೆ ಸೊಸೆ ಗಿರಿಜಾಂಬಾ ಒಬ್ಬರೇ. ಅವರು ಹೊಲಿಗೆಗೆ ಹೋದರೆ ಮೇಷ್ಟ್ರ ಬಳಿ ಯಾರು? ತಿಂಗಳಿಗೆ ಒಂಬೈನೂರಕ್ಕೆ ಚಾಮುಂಡಮ್ಮ ಬಂದರು. ಔಷಧಿ, ಮನೆ ಬಾಡಿಗೆ, ಆ ಒಂಬೈನೂರು, ಎಲ್ಲವೂ ಮೇಷ್ಟ್ರ ಪಿಂಚಣಿಯಿಂದಲೇ ನಡೆಯಬೇಕು.

ಪಿಂಚಣಿ ಖಾತೆಗೇನೋ ಬರುತ್ತಿತ್ತು. ತೆಗೆಯುವುದು ಹೇಗೆ? ಮೇಷ್ಟ್ರು 'ಸದಾ' ಎಂದು ಬರೆದು ನಿಲ್ಲಿಸಿಬಿಡುತ್ತಿದ್ದರು. ಸಹಿ ತಾಳೆಯಾಗುತ್ತಿಲ್ಲ ಎಂದು ಚೀಟಿ ಹಿಂದಿರುಗಿಸಿದವರು ಯಾರು? ಮ್ಯಾನೇಜರ್ ಚಿಕ್ಕಬಸವಯ್ಯ. ಅಂದರೆ ನಾನು. ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿಸಿ, ನಿಯಮವಿದೆ, ಎಂದೆ. ಇಂಕ್ ಪ್ಯಾಡ್ ಕಂಡದ್ದೇ ತಡ, ಮೇಷ್ಟ್ರು ಹೆಬ್ಬೆಟ್ಟನ್ನು ಒಳಗೆ ಮಡಚಿ ಮುಷ್ಟಿ ಬಿಗಿದರು. ಬಿಡಿಸಲು ಗಿರಿಜಾಂಬಾಗೆ ಮನಸ್ಸು ಬರಲಿಲ್ಲ. ಹೀಗೆ ಒಂದಲ್ಲ, ಎರಡಲ್ಲ, ಮೂರು ತಿಂಗಳು. ಗಿರಿಜಾಂಬಾ ಅವರ ಬಳೆ ಗಿರವಿಗೆ ಹೋಯಿತು. ಚಾಮುಂಡಮ್ಮನಿಗೆ ಸಂಬಳವಿಲ್ಲ, ಆದರೂ ಒಂದು ದಿನ ತಪ್ಪಿಸಲಿಲ್ಲ. ನಾನು ಮಧ್ಯಾಹ್ನ ಊಟ ಮಾಡಿ, ಸಂಜೆ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದೆ, ಸ್ವಾಮಿ. ಅದನ್ನೂ ಹೇಳಿಬಿಡುತ್ತೇನೆ.

ನಾಲ್ಕನೆಯ ತಿಂಗಳು ಬ್ಯಾಂಕಿನಲ್ಲಿ ಚಾಮುಂಡಮ್ಮನೇ ಚೀಟಿ ಹಿಡಿದು ಮೇಷ್ಟ್ರ ಮುಂದೆ ಕೂತರು. ಸಾಕ್ಷಿಯ ಜಾಗದಲ್ಲಿ ತಮ್ಮ ಸಹಿ ಮಾಡಿ, "ಮೇಷ್ಟ್ರೇ, ಸರಿಯಾಗೈತಾ ನೋಡಿ" ಎಂದರು.

ಸೊಸೆಯ ಹೆಸರು ಮರೆತಿದ್ದ ಮನುಷ್ಯ ಆ ಅಕ್ಷರಗಳ ಮೇಲೆ ಬೆರಳಾಡಿಸಿ, "ಒತ್ತು ಎಲ್ಲಿ ಹೋಯ್ತಮ್ಮ?" ಎಂದು ಕೇಳಿದರು.

ಚಾಮುಂಡಮ್ಮ ಒತ್ತು ಸೇರಿಸಿದರು. "ತಿದ್ದಿದ್ದಕ್ಕೆ ನಿಮ್ ಗುರುತು ಹಾಕ್ಕೊಡಿ ಮೇಷ್ಟ್ರೇ" ಎಂದರು. ಮುಷ್ಟಿ ತಾನಾಗಿ ಬಿಚ್ಚಿತು, ಚೀಟಿಯ ಮೇಲೆ ಹೆಬ್ಬೆಟ್ಟು ಬಿತ್ತು. ಕೌಂಟರಿನಲ್ಲಿದ್ದ ಅಶ್ವತ್ಥ ಎರಡನೆಯ ಸಾಕ್ಷಿಯಾಗಿ ಸಹಿ ಹಾಕಿದ. ಮೇಷ್ಟ್ರು ಬದುಕಿದ್ದ ಎರಡು ವರ್ಷವೂ ಪಿಂಚಣಿ ಕೈಗೆ ಬಂದದ್ದು ಹಾಗೆಯೇ, ಚಾಮುಂಡಮ್ಮ ಸಹಿ ತೋರಿಸಿ, ಮೇಷ್ಟ್ರು ನೋಡಿ ಗುರುತು ಹಾಕಿ. ನಿಯಮ ನನಗೆ ಗೊತ್ತಿತ್ತು, ಮೇಷ್ಟ್ರು ಯಾರೆಂಬುದು ಚಾಮುಂಡಮ್ಮನವರಿಗೆ ಗೊತ್ತಿತ್ತು.

ಆ ಮೊದಲ ಹೆಬ್ಬೆಟ್ಟು ಬಿದ್ದು ಒಂದು ವಾರ ಕಳೆದ ಮೇಲೆ ಚಾಮುಂಡಮ್ಮ ತಮ್ಮ ಖಾತೆಯಿಂದ ಹಣ ತೆಗೆಯಲು ಬಂದರು. ಚೀಟಿಯಲ್ಲಿ ಒತ್ತು ಇದೆ, ನಮ್ಮಲ್ಲಿರುವ ಮಾದರಿ ಸಹಿಯ ಕಾರ್ಡಿನಲ್ಲಿ ಇಲ್ಲ! "ಮೊದಲಿನ ಹಾಗೇ ಬರೆದುಬಿಡಮ್ಮ, ಪಾಸ್ ಮಾಡ್ತೀನಿ" ಎಂದೆ.

"ಮೇಷ್ಟ್ರು ತಿದ್ದವ್ರೆ ಸಾರ್. ತಿರ್ಗಾ ತಪ್ಪು ಬರಿಯಾಕಾಗಕಿಲ್ಲ."

ಅಂದು ನಾನು ಚೀಟಿ ಹಿಂದಿರುಗಿಸಲಿಲ್ಲ. ಕುರ್ಚಿ ಬಿಟ್ಟೆದ್ದು, ಹೊಸ ಕಾರ್ಡು ತಂದು, ನನ್ನ ಪೆನ್ನನ್ನೇ ಅವರ ಕೈಗೆ ಕೊಟ್ಟೆ. ಅಷ್ಟು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಆ ಒಂದು ದಿನ.

ಇವತ್ತಿನ ಸನ್ಮಾನಪತ್ರದಲ್ಲಿ ಅವರ ಹೆಸರು ಅಚ್ಚಾಗಿದೆ. ನಿನ್ನೆ ಪ್ರೆಸ್ಸಿಗೆ ಹೋಗಿ ನಾನೇ ನೋಡಿಕೊಂಡು ಬಂದೆ. ಒತ್ತು ಇದೆ.

ಕಾಯಿಸಿದ್ದಕ್ಕೆ ಕ್ಷಮೆಯಿರಲಿ, ಕೇಳಿದ್ದಕ್ಕೆ ವಂದನೆಗಳು. ಚಾಮುಂಡಮ್ಮನವರೇ, ನಿಮಗೂ, ಸಭೆಗೂ ನನ್ನ ನಮಸ್ಕಾರ.