ಬರ್ಮಾದ ಕತ್ತಿಗೊಂದು ಎಲೆ

ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಗಾಲದಲ್ಲಿ, ಸತ್ತವರಿಗೆ ಬಡಿಸಿದ ಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ಬರಬೇಕು. ಅವರು ಉಂಡು ಮುಗಿಸುವವರೆಗೆ ಯಾರೂ ಒಳಗೆ ಇಣುಕುವಂತಿಲ್ಲ. ಬೆಳುವಾಯಿಯ ಆ ಮನೆಯವರೂ ಸಂಜೆಯ ಜಡಿಮಳೆಯಲ್ಲಿ ಜಗಲಿಗೆ ಬಂದು ಕೂತಿದ್ದರು. ಬೆಳಗಿನಿಂದ ಒಲೆಯ ಮುಂದೆ ನಿಂತು ಭವ್ಯಶ್ರೀಯ ಸೊಂಟ ಬಿದ್ದುಹೋಗಿತ್ತು. ಒಂದೂವರೆ ವರ್ಷದ ಸಾತ್ವಿಕಾ ಅವಳ ಮಡಿಲಲ್ಲಿದ್ದಳು.

ಬಡಿಸುವ ಕೆಲಸ ಈ ವರ್ಷ ಮೊದಲ ಸಲ ಅವಳ ಪಾಲಿಗೆ ಬಂದಿತ್ತು. ಗಂಡನ ಅಜ್ಜಿ ದಮಯಂತಿ ಆರು ಎಲೆ ಹಾಕಲು ಹೇಳಿದ್ದರು. ಹೆಸರು ಹಿಡಿದು ಎಣಿಸಿದರೆ ಸತ್ತವರು ಐದೇ ಮಂದಿ. ಅಜ್ಜಿಗೆ ಪ್ರಾಯವಾಯಿತು, ಮರೆವು. ಎಲೆ ಹೆಚ್ಚಾದರೆ ಬದುಕಿರುವವರೊಬ್ಬರನ್ನು ಕರೆದ ಹಾಗೆ ಎಂದು ಬೆಳ್ತಂಗಡಿಯ ತವರಿನಲ್ಲಿ ಹೇಳುತ್ತಿದ್ದರು. ಅವಳು ಆರನೆಯ ಎಲೆಯನ್ನು ಮಡಚಿ ಬದಿಗಿಟ್ಟಿದ್ದಳು.

"ಅಜ್ಜಿ, ಎಲೆ ಕೊಯ್ಯುವ ನಮ್ಮ ಹಳೇ ಕತ್ತಿಯ ಫೋಟೋ ಫೋನಿನಲ್ಲಿ ಒಂದು ಗ್ರೂಪಿಗೆ ಹಾಕಿದ್ದೆ," ಎಂದ ಅವಳ ಗಂಡ ಅಶ್ವಿತ್. "ಅದು ಜಪಾನಿನವರ ಮಿಲಿಟರಿ ಖಡ್ಗವಂತೆ, ಯಾರೋ ತುಂಡು ಮಾಡಿದ್ದಂತೆ. ಇಲ್ಲಿಗೆ ಹೇಗೆ ಬಂತು?"

"ಅಷ್ಟೆಲ್ಲ ಗೊತ್ತುಂಟಲ್ಲ ನಿನ್ನ ಫೋನಿಗೆ, ಉಳಿದದ್ದನ್ನೂ ಅದರ ಹತ್ತಿರವೇ ಕೇಳು ಮಾರಾಯ!" ದಮಯಂತಿ ಗೋಡೆಗೆ ಒರಗಿದರು.

"ನನ್ನ ಮಾವ ಧರ್ಣಪ್ಪ ಬ್ರಿಟಿಷರ ಪಟಾಲಮಿನಲ್ಲಿ ಬರ್ಮಾಕ್ಕೆ ಹೋದವರು. ಅಲ್ಲಿಯೂ ಹೀಗೇ ಮಳೆಯಂತೆ... ಜಪಾನಿನವರು ಸೋತು, ತಿನ್ನಲಿಕ್ಕೆ ಇಲ್ಲದೆ, ಕಾಡಿನಲ್ಲಿ ಬಿದ್ದು ಎದ್ದು ಹಿಂದೆ ಹೋಗ್ತಾ ಇದ್ದರಂತೆ. ಒಬ್ಬ ಆಫೀಸರ್ ಮರದ ಬುಡದಲ್ಲಿ ಕೂತಿದ್ದ, ಏಳಲಿಕ್ಕೆ ತ್ರಾಣ ಇಲ್ಲ. ಮಾವನನ್ನು ಕಂಡದ್ದೇ ಖಡ್ಗವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ, ಮತ್ತೆ ಕೈಯನ್ನು ಬಾಯಿಗೆ ತೋರಿಸಿದ. ಇದನ್ನು ತಕೋ, ಅನ್ನ ಕೊಡು ಅಂತ... ಬೇರೆ ಎಂತ ಅರ್ಥ ಅದಕ್ಕೆ, ಹೇಳು? ಮಾವನ ಚೀಲದಲ್ಲಿ ಅನ್ನ ಇತ್ತು. ಇತ್ತು ಮಗಾ! ಖಡ್ಗ ತಕೊಂಡರು. ಅನ್ನ ಕೊಡಲಿಲ್ಲ. ಅವನು ಹಸಿವೆಯಲ್ಲಿ ಅಲ್ಲೇ ಸತ್ತನಂತೆ. ಉದ್ದ ಹೆಚ್ಚಾಯ್ತು ಅಂತ ಕ್ಯಾಂಪಿನಲ್ಲಿ ಅರ್ಧಕ್ಕೆ ತುಂಡು ಮಾಡಿಸಿ, ಮರದ ಹಿಡಿ ಹಾಕಿಸಿ, ಯುದ್ಧ ಮುಗಿಯುವವರೆಗೆ ಅದರಲ್ಲೇ ಕಾಡು ಸವರಿದರು. ಮನೆಗೆ ಬಂದದ್ದು ಕತ್ತಿ ಮಾತ್ರ ಅಂತ ಎಣಿಸಿದ್ದರು, ಪಾಪ..."

"ಆಮೇಲೆ ಪ್ರತಿ ಆಟಿಗೂ ಮಾವ ತಾವೇ ಒಂದು ಎಲೆ ಹೆಚ್ಚು ಹಾಕ್ತಿದ್ದರು. ಯಾರಿಗೆ ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ. ಹೆಸರು ಗೊತ್ತಿಲ್ಲದವನನ್ನು ಕರೆಯುವುದು ಹೇಗೆ? 'ಕತ್ತಿಯವನೇ, ಬಾ, ಉಣ್ಣು' ಅಂತ ಒಳಗೊಳಗೇ ಹೇಳ್ತಿದ್ದರಂತೆ. ನಾನು ಮದುವೆಯಾಗಿ ಬಂದ ಮೂರನೇ ವರ್ಷ ಅವರು ಜ್ವರದಲ್ಲಿ ಬಂಟ್ವಾಳದ ಆಸ್ಪತ್ರೆಯಲ್ಲಿ. ಬಡಿಸಿದ್ದು ನಾನು. ಹೆಚ್ಚಿನ ಎಲೆ ಯಾಕೆ ಅಂತ ತೆಗೆದಿಟ್ಟೆ... ಬುದ್ಧಿವಂತೆ ಅಲ್ಲವಾ ನಾನು!"

ಭವ್ಯಶ್ರೀ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬಾಗಿಲು ತೆಗೆದ ಮೇಲೆ ಅಣ್ಣುವಿಗೆ ತುತ್ತು ಕೊಟ್ಟೆ. ಹೊರಗೆ ಬಂತು. ಹಾಲು ಕೊಟ್ಟೆ, ಅದೂ ಹೊರಗೆ. ಹಸಿವೆ ಅಂತ ಅಳ್ತಾನೆ, ಕೈಯನ್ನು ಬಾಯಿಗೆ ತೋರಿಸ್ತಾನೆ, ಇಟ್ಟರೆ ಇಳಿಯುವುದಿಲ್ಲ... ಹನ್ನೊಂದು ದಿನ. ಮಾವ ಬಂದು, ಅವನನ್ನು ನೋಡಿ, ಎಲ್ಲ ಹೇಳಿ, ಅಳ್ತಾ ಎಲೆ ಹಾಕುವಷ್ಟರಲ್ಲಿ ತಡವಾಗಿತ್ತು. ಅಣ್ಣು ನನ್ನ ಮೊದಲ ಮಗ. ಆಗ ಸಾತ್ವಿಕಾಳಷ್ಟೇ ಪ್ರಾಯ."

ಅಣ್ಣು ಎಂದರೆ ಯಾರೋ ಹಿರಿಯಜ್ಜ ಎಂದುಕೊಂಡೇ ಭವ್ಯಶ್ರೀ ಅವನ ಎಲೆಗೆ ಬಡಿಸಿದ್ದಳು.

"ತಪ್ಪಾಯ್ತು ಅಜ್ಜಿ... ನಾನು ಐದೇ ಎಲೆ ಹಾಕಿದ್ದು. ಬಾಗಿಲು ತೆಗೆಯುವ, ಈಗಲೇ ಇನ್ನೊಂದು ಹಾಕುವ!"

"ಕೂತುಕೋ. ನೀನು ಎಲೆ ಮಡಚಿದ್ದನ್ನು ನಾನು ನೋಡಿದ್ದೇನೆ."

ಅಶ್ವಿತ್ ದಡಕ್ಕನೆ ಎದ್ದ. "ನೋಡಿಯೂ ಸುಮ್ಮನೆ ಕೂತದ್ದಾ ನೀವು?"

"ಅರುವತ್ತು ವರ್ಷ ಮೇಲಾಯ್ತು ಮಗಾ, ನನ್ನ ಮಗನನ್ನು ತಕೊಂಡು ಹೋದವನಿಗೆ ನಾನೇ ಕೈಯಾರೆ ಬಡಿಸ್ತಾ ಬಂದು. ಇವಳು ಎಲೆ ಮಡಚಿದ್ದು ಕಂಡಾಗ, ಇಲ್ಲಿಗೇ ಸಾಕು ಅನ್ನಿಸ್ತು ನನಗೆ. ನನ್ನ ನಂತರ ಇವಳು, ಇವಳ ನಂತರ ಆ ಮಗು... ಎಲ್ಲಿಯವರೆಗೆ? ಅವನಿಗೂ ಸಾಕಾಗಿರಬೇಕು. ಬಾಗಿಲು ಹಾಕುವಾಗ ಹೇಳಿದ್ದೇನೆ. ಇವತ್ತು ನಿನಗೆ ಎಲೆ ಇಲ್ಲ. ಮಗುವನ್ನು ಮುಟ್ಟಬೇಡ, ನನ್ನ ಹತ್ತಿರ ಬಾ, ನಾನು ಹೋಗುವಾಗ ನನ್ನೊಟ್ಟಿಗೇ ಹೊರಡು ಅಂತ."

"ಅವನಿಗೆ ನಮ್ಮ ಭಾಷೆ ಎಲ್ಲಿ ಬರ್ತದೆ ಅಜ್ಜಿ?" ಭವ್ಯಶ್ರೀ ಬಿಕ್ಕಿದಳು.

"ಇಷ್ಟು ವರ್ಷ ನಮ್ಮ ಅನ್ನ ಉಂಡಿದ್ದಾನೆ, ಅಷ್ಟೂ ತಿಳಿಯುವುದಿಲ್ಲವಾ?"

ಭವ್ಯಶ್ರೀ ಬಿಸ್ಕತ್ತಿನ ಚೂರೊಂದನ್ನು ಸಾತ್ವಿಕಾಳ ಬಾಯಿಗಿಟ್ಟಳು. ಮಗು ಅಗಿಯಿತು, ನುಂಗಿತು, ಇನ್ನೊಂದಕ್ಕೆ ಬಾಯಿ ತೆರೆಯಿತು. ಅಬ್ಬಾ ದೇವರೇ ಎಂದು ಅವಳು ಅತ್ತೇಬಿಟ್ಟಳು.

"ನೋಡಿದೆಯಾ, ಒಪ್ಪಿದ್ದಾನೆ," ಎಂದರು ದಮಯಂತಿ. ದನಿ ತೀರಾ ಸಣ್ಣದಾಗಿತ್ತು. "ಹೊತ್ತಾಯ್ತು, ಬಾಗಿಲು ತೆಗೆಯಿರಿ, ಎಲ್ಲರೂ ಉಣ್ಣಿ. ನನಗೆ ಬಡಿಸಬೇಡ ಮಗಾ... ಬಾಗಿಲು ಹಾಕಿದಲ್ಲಿಂದ ನನಗೆ ಉಗುಳೂ ಗಂಟಲಲ್ಲಿ ಇಳಿಯುವುದಿಲ್ಲ."