ಲಿಫ್ಟಿನ ಪಕ್ಕದ ಕೋಣೆಯ ದೇಶ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ವಸತಿಗೃಹದ ಮಾಲೀಕರೇ, ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಮ್ಯಾನೇಜರ್ ಸಾಹೇಬರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳೇ, ಅಡುಗೆಮನೆ, ಬಟ್ಟೆ ಒಗೆಯುವ ವಿಭಾಗ ಮತ್ತು ಕಾವಲಿನ ನನ್ನ ಸಹೋದ್ಯೋಗಿಗಳೇ, ಚಹಾ ಯಾವಾಗ ಬರುತ್ತದೆಂದು ಹಿಂದಿನ ಬಾಗಿಲ ಕಡೆಗೇ ತಿರುಗಿ ಕೂತಿರುವ ಸಭಿಕರೇ,

ಮೂವತ್ತೊಂದು ವರ್ಷ ಈ ಕಟ್ಟಡದ ಸ್ವಾಗತ ಕೌಂಟರಿನ ಹಿಂದೆ ನಿಂತವನು ನಾನು. ನಿಂತವನು ಎಂದರೆ ನಿಂತವನೇ, ಅಲ್ಲಿ ಕುರ್ಚಿ ಇರಲಿಲ್ಲ. ಇವತ್ತು ನನ್ನನ್ನು ವೇದಿಕೆಯ ಮೇಲೆ ಕೂರಿಸಿದ್ದೀರಿ, ಅದಕ್ಕೇ ಕಾಲು ಜೋಮು ಹಿಡಿದಿದೆ. ಈ ಭಾಷಣಕ್ಕೆ ವಿಷಯವನ್ನು ಮ್ಯಾನೇಜರ್ ಸಾಹೇಬರೇ ಕೊಟ್ಟರು. ಯಾವ ದೇಶದ ಜನ ಎಲ್ಲರಿಗಿಂತ ಹೆಚ್ಚು ಇಷ್ಟವಾಗುತ್ತಾರೆ, ಮತ್ತು ಏಕೆ? “ನೀವು ಪ್ರಪಂಚಾನೇ ನೋಡಿದೀರಿ, ಹತ್ತು ನಿಮಿಷ ನಗಿಸಿಬಿಡಿ ಸಾಕು” ಎಂದರು. ಪ್ರಪಂಚ ನೋಡಿದವನಲ್ಲ ನಾನು. ಪ್ರಪಂಚ ಬಂದು ಸಹಿ ಹಾಕಿ ಬೀಗದ ಕೈ ತೆಗೆದುಕೊಂಡು ಹೋದದ್ದನ್ನು ನೋಡಿದವನು. ಆದರೂ ಎರಡು ತಿಂಗಳ ಹಿಂದೆ ಕೇಳಿದ್ದರೆ ನಿಂತ ನಿಲುವಿನಲ್ಲೇ ಉತ್ತರ ಹೇಳುತ್ತಿದ್ದೆ. ಇವತ್ತು ಕೇಳಿದರೆ? ಇವತ್ತು ನನಗೆ ತಲೆಬುಡ ತಿಳಿಯುತ್ತಿಲ್ಲ, ಸಭಿಕರೇ. ನಾನು ಬರೆದುಕೊಂಡು ಬಂದದ್ದನ್ನು ಓದುತ್ತೇನೆ, ಎಲ್ಲಿಗೆ ಹೋಗಿ ಮುಟ್ಟುತ್ತದೋ ನೋಡೋಣ.

ನಮ್ಮಲ್ಲಿ ಒಂದು ಪಟ್ಟಿ ಇತ್ತು. ಮಾಲೀಕರಿಗೆ ಇದು ಗೊತ್ತಿಲ್ಲ, ಇವತ್ತು ಗೊತ್ತಾಗಲಿ. ನಾಳೆಯಿಂದ ನನ್ನನ್ನು ಕೆಲಸದಿಂದ ತೆಗೆಯುವುದು ಅವರಿಂದ ಸಾಧ್ಯವಿಲ್ಲ. ಚಾದರ, ಟವೆಲು ಇಡುವ ಕೋಣೆಯ ಬಾಗಿಲಿನ ಒಳಬದಿಯಲ್ಲಿ ಒಂದು ದೊಡ್ಡ ರಟ್ಟು. ಅದರ ಮೇಲೆ ದೇಶಗಳ ಹೆಸರು. ಪ್ರತಿ ವರ್ಷದ ಕೊನೆಯ ವಾರ ಹದಿನಾಲ್ಕು ಮಂದಿ ನೌಕರರು ಸೇರಿ ಒಂದೊಂದು ದೇಶಕ್ಕೂ ಹತ್ತರಲ್ಲಿ ಅಂಕ ಕೊಡುತ್ತಿದ್ದೆವು. ಕೂಡಿಸಿ ಸ್ಥಾನ ಹಾಕುವ ಕೆಲಸ ನನ್ನದು, ಏಕೆಂದರೆ ನನ್ನ ಅಕ್ಷರ ದುಂಡಗಿತ್ತು. ಪಟ್ಟಿಗೆ ‘ಒಳ್ಳೆಯವರ ಪಟ್ಟಿ’ ಎಂದೇ ಹೆಸರು.

ಜಪಾನಿನವರು ಹೋಗುವ ದಿನ ತಾವು ಮಲಗಿದ ಹಾಸಿಗೆಯನ್ನು ತಾವೇ ಸರಿಮಾಡಿ ಹೋಗುತ್ತಾರೆಂದು ಕೋಣೆ ಗುಡಿಸುವ ಅಕ್ಕ ಅವರಿಗೆ ಹತ್ತಕ್ಕೆ ಹನ್ನೊಂದು ಕೊಡುತ್ತಿದ್ದಳು. ಹತ್ತೇ ಇರುವುದು ಎಂದರೆ, “ಇನ್ನೊಂದು ನನ್ನ ಕೈಯಿಂದ” ಅನ್ನುತ್ತಿದ್ದಳು. ಕೆನಡಾದವರು ಬಾಗಿಲು ತಮಗೇ ಬಡಿದರೂ ಬಾಗಿಲಿಗೆ ಕ್ಷಮೆ ಕೇಳುತ್ತಾರೆ. ಇಟಲಿಯವರು ಮಾತಾಡುವಾಗ ಕೈಬೀಸಿ ಎರಡು ಗಾಜಿನ ಲೋಟ ಒಡೆದರು; ಆದರೂ ಊಟ ಬಡಿಸುವ ನಮ್ಮ ಉದ್ದಣ್ಣ ಒಂಬತ್ತು ಅಂಕ ಕೊಟ್ಟ. ಏಕೆಂದರೆ ಅವರು ಅವನ ತಾಯಿಯ ಮಂಡಿನೋವನ್ನು ವಿಚಾರಿಸಿದ್ದರು. ಕಾವಲುಗಾರನದು ಒಂದೇ ಲೆಕ್ಕ: “ಯಾರು ನನ್ನ ಮುಖ ನೋಡ್ತಾರೋ ಅವರದೇ ಒಳ್ಳೇ ದೇಶ ಸ್ವಾಮಿ. ಮಿಕ್ಕೋರೆಲ್ಲ ಗೇಟನ್ನ ನೋಡ್ತಾರೆ.”

ಇನ್ನು ಕೊನೆಯ ಸ್ಥಾನ. ಆ ದೇಶದ ಹೆಸರನ್ನು ನಾನು ಹೇಳಕೂಡದೆಂದು ಮ್ಯಾನೇಜರ್ ಸಾಹೇಬರು ಬೆಳಿಗ್ಗೆಯೇ ಚೀಟಿ ಕಳಿಸಿದ್ದಾರೆ. ಮುಂದಿನ ತಿಂಗಳು ಅಲ್ಲಿಂದ ನಲವತ್ತು ಜನರ ತಂಡ ಬರುವುದಿದೆ. ಆದ್ದರಿಂದ ‘ಆ ದೇಶ’ ಎನ್ನುತ್ತೇನೆ. ಆ ದೇಶದವರು ಗೊಣಗುವವರು. ಚಹಾ ತಣ್ಣಗಾಯಿತು ಎನ್ನುವರು, ಬಿಸಿಯಾಯಿತು ಎನ್ನುವರು. ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಕೌಂಟರಿಗೆ ಬಂದರೆ ಗುಡ್ ಮಾರ್ನಿಂಗ್ ಎಂಬುದು ಅವರಿಗೆ ಬೈಗುಳದ ಹಾಗೆ ಕೇಳುತ್ತಿತ್ತು. ಏಳು ವರ್ಷ ಸತತವಾಗಿ ಕೊನೆಯ ಸ್ಥಾನ.

ಈಗ ನನ್ನ ಜಾಣತನವೊಂದನ್ನು ಹೇಳಬೇಕು. ಅದನ್ನು ನಾನು ಎಷ್ಟೋ ಹೊಸಬರಿಗೆ ಕಲಿಸಿದ್ದೇನೆ ಕೂಡ. ಪಟ್ಟಿಯಲ್ಲಿ ಮೇಲಿರುವ ದೇಶದವರು ಬಂದರೆ ತೋಟದ ಕಡೆಯ ಕೋಣೆ ಕೊಡುವುದು. ಕೆಳಗಿರುವವರಿಗೆ ಎರಡನೇ ಮಹಡಿಯ ಇನ್ನೂರ ಏಳು, ಎಂಟು, ಒಂಬತ್ತು. ಎಂದರೆ ಲಿಫ್ಟಿನ ಯಂತ್ರಕ್ಕೆ ಅಂಟಿಕೊಂಡ ಕೋಣೆಗಳು. ಹೇಗೂ ಗೊಣಗುವವರು, ಎಲ್ಲಿ ಮಲಗಿದರೇನು? ಒಳ್ಳೆಯವರಿಗೆ ಒಳ್ಳೆಯದಾಗಲಿ ಎನ್ನುವುದು ತಪ್ಪೇ, ಸಭಿಕರೇ? ನೀವೇ ಹೇಳಿ. ಇಲ್ಲ, ಈಗಲೇ ಹೇಳಬೇಡಿ.

ನನಗೊಬ್ಬಳು ತಂಗಿ. ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಈಗ ಬುಕಿಂಗ್ ವಿಭಾಗದ ಮುಖ್ಯಸ್ಥೆ. ಆಗ ಕೌಂಟರಿನ ಹಿಂದಿನ ಗೂಡಿನಂಥ ಕೋಣೆಯಲ್ಲಿ ಟೆಲಿಫೋನ್ ನೋಡಿಕೊಳ್ಳುತ್ತಿದ್ದಳು. ನಮ್ಮಿಬ್ಬರ ನಡುವೆ ಒಂದು ಸಣ್ಣ ಕಿಟಕಿ. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಮದುವೆಯಾಗಲಿಲ್ಲ. ಮನೆಗೆ ಹೋದರೆ ದೀಪ ಉರಿಯುತ್ತಿತ್ತು, ಯಾರೋ “ಕೈಕಾಲು ತೊಳ್ಕೊ” ಅನ್ನುತ್ತಿದ್ದರು. ಅದಿರಲಿ, ಅದು ವಿಷಯವಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಆ ದೇಶದ ಎಂಜಿನಿಯರ್ ಒಬ್ಬರು ಬಂದರು. ನದಿಯ ಮೇಲಿನ ಹಳೆಯ ಸೇತುವೆಯನ್ನು ಪರೀಕ್ಷಿಸಬೇಕಿತ್ತು, ನಲವತ್ತು ದಿನದ ಕೆಲಸ. ನಾನು ಪಾಸ್‌ಪೋರ್ಟ್ ನೋಡಿದೆ, ಇನ್ನೂರ ಎಂಟರ ಬೀಗದ ಕೈ ಕೊಟ್ಟೆ. ಮರುದಿನ ಬೆಳಿಗ್ಗೆ ಏಳಕ್ಕೆ ಅವರು ತಂಗಿಗೆ ಫೋನ್ ಮಾಡಿದರು. ಮಾತನ್ನು ನಮ್ಮ ಭಾಷೆಗೆ ಇಳಿಸಿ ಹೇಳುತ್ತೇನೆ: “ಮೇಡಂ, ಗೋಡೆ ನನ್ನ ತಲೆಗೆ ಒದೀತಾ ಇದೆ.” ತಂಗಿ ಕಿಟಕಿಯಿಂದ ಬಗ್ಗಿ, “ಅಣ್ಣಾ, ಪಾಪ, ಅವರಿಗೆ ನಿದ್ದೇನೇ ಇಲ್ವಂತೆ, ಬೇರೆ ರೂಮು ಕೊಡೋ” ಎಂದಳು. ನಾನು, “ಆ ದೇಶದೋರಿಗೆ ಸ್ವರ್ಗ ಕೊಟ್ರೂ ಕಿಟಕಿ ಸರಿಯಿಲ್ಲ ಅಂತಾರೆ ಬಿಡು” ಎಂದೆ.

ಅವರು ದಿನಾ ಫೋನ್ ಮಾಡಿದರು. ಅವಳು ದಿನಾ ನನಗೆ ಹೇಳಿದಳು. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಮೊದಲ ವಾರ ಅವರ ಮಾತು ಅರ್ಧ ನಿಮಿಷ ನಡೆಯುತ್ತಿತ್ತು, ಮೂರನೇ ವಾರ ಹತ್ತು ನಿಮಿಷ. ಐದನೇ ವಾರ ಅವಳು ಫೋನ್ ಹಿಡಿದುಕೊಂಡು ನಗುತ್ತಿದ್ದಳು. ಲಿಫ್ಟಿನ ವಿಷಯದಲ್ಲಿ ಅಷ್ಟು ನಗುವುದೇನಿದೆ ಎಂದು ನಾನು ಯೋಚಿಸಲೂ ಇಲ್ಲ. ಈಗ ಯೋಚಿಸಿದರೆ ಇನ್ನೂ ಗೊಂದಲ. ಮೊದಲ ದಿನವೇ ನಾನು ಕೋಣೆ ಬದಲಾಯಿಸಿದ್ದರೆ ಅವರು ಎರಡನೇ ಸಲ ಫೋನ್ ಮಾಡುತ್ತಲೇ ಇರಲಿಲ್ಲ. ಹಾಗಾದರೆ ಅವರಿಬ್ಬರನ್ನು ಕೂಡಿಸಿದವನು ನಾನೇ ತಾನೇ?

ನಲವತ್ತನೇ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೌಂಟರಿಗೆ ಬಂದು ನಿಂತರು. “ನಿಮ್ಮ ತಂಗೀನ ಮದುವೆ ಆಗ್ಬೇಕು ಅಂತಿದೀನಿ. ಮನೇಲಿ ದೊಡ್ಡೋರು ನೀವಂತೆ. ಮೊದಲು ನಿಮ್ಮನ್ನ ಕೇಳ್ಬೇಕು ಅಂತ ಬಂದೆ” ಎಂದರು. ತಂಗಿಗೆ ಅಂದು ರಜೆ. ನಾನೇನು ಮಾಡಿದೆ ಗೊತ್ತೇ? ಅವರನ್ನು ಚಾದರದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿ ಪಟ್ಟಿ ತೋರಿಸಿದೆ. “ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ಇದು ಹದಿನಾಲ್ಕು ಜನರ ತೀರ್ಮಾನ. ಏಳು ವರ್ಷದಿಂದ ನೀವೇ ಕೊನೆ. ಇಂಥ ಕಡೆ ಹುಡುಗಿ ಕೊಡೋಕಾಗುತ್ತಾ?” ಎಂದೆ. ಅವರು ಬಹಳ ಹೊತ್ತು ಆ ರಟ್ಟನ್ನು ಓದಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: “ನಮ್ಮ ದೇಶದೋರನ್ನ ಯಾವ ರೂಮುಗಳಲ್ಲಿ ಇಟ್ಟಿದ್ರಿ ಸಾರ್?” ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅಂಥ ಮಾತು ಎಂದುಕೊಂಡೆ. ಅದನ್ನೇ ಅವರಿಗೆ ಹೇಳಿಯೂಬಿಟ್ಟೆ. ಅವರು ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದರು.

ಮರುದಿನ ತಂಗಿ ಕೇಳಿದಳು, “ಇನ್ನೂರ ಎಂಟು ಖಾಲಿ ಆಗಿದೆಯಲ್ಲಣ್ಣ, ಅವರು ಏನಾದ್ರೂ ಹೇಳಿ ಹೋದ್ರಾ?” ನಾನು, “ಇಲ್ಲಮ್ಮ. ಆ ದೇಶದೋರು ಹಾಗೇ, ಹೇಳ್ದೆ ಕೇಳ್ದೆ ಹೋಗ್ಬಿಡ್ತಾರೆ” ಎಂದೆ.

ಈ ಮಾತು ನಾನು ಬರೆದುಕೊಂಡು ಬಂದ ಕಾಗದದಲ್ಲಿ ಇಲ್ಲ. ಹೇಗೆ ಬಂತೋ ತಿಳಿಯದು.

ಆಮೇಲೆ ತಂಗಿಯ ಹೆಸರಿಗೆ ಅವರಿಂದ ಎರಡು ಕಾಗದ ಬಂದವು. ಅಂಚೆ ಬರುವುದು ಕೌಂಟರಿಗೆ. ಮುಂದೆ ನಾನು ಹೇಳಬೇಕಾಗಿಲ್ಲ. ಆ ವರ್ಷದ ಕೊನೆಯಲ್ಲಿ ಅಂಕ ಕೊಡುವಾಗ ತಂಗಿ ಆ ದೇಶಕ್ಕೆ ಸೊನ್ನೆ ಕೊಟ್ಟಳು. ಯಾರಿಗೂ ಆರಕ್ಕಿಂತ ಕಡಿಮೆ ಕೊಟ್ಟವಳಲ್ಲ ಅವಳು. ದುಂಡಗಿನ ಅಕ್ಷರದಲ್ಲಿ ನಾನೇ ಆ ಸೊನ್ನೆ ಬರೆದೆ. ನನಗೆ ಒಳಗೊಳಗೇ ನೆಮ್ಮದಿಯಾಯಿತು, ಸಭಿಕರೇ. ನಾಚಿಕೆಯ ಮಾತು, ಆದರೆ ಆಯಿತು.

ಮ್ಯಾನೇಜರ್ ಸಾಹೇಬರೇ, ಮೈಕು ಸರಿಯಾಗಿದೆ, ಮುಟ್ಟಬೇಡಿ. ನಿವೃತ್ತಿಯಾಗುವವರಿಗೆ ಎರಡು ದಿನ ಅತಿಥಿಯಾಗಿ ಉಳಿಯುವ ಉಡುಗೊರೆ ಕೊಡುವ ಪದ್ಧತಿ ತಂದವರು ತಾವೇ. ಕಳೆದ ತಿಂಗಳು ನಾನು ಆ ಉಡುಗೊರೆ ಪಡೆದೆ. ಖಾಲಿ ಇದ್ದದ್ದು ಒಂದೇ ಕೋಣೆ, ಇನ್ನೂರ ಎಂಟು. ಮೂವತ್ತೊಂದು ವರ್ಷ ಅದರ ಬೀಗದ ಕೈ ಹಂಚಿದವನು ಅದರ ಮಂಚದ ಮೇಲೆ ಒಂದು ದಿನವೂ ಕೂತಿರಲಿಲ್ಲ. ಮಧ್ಯಾಹ್ನ ಊಟ ಮಾಡಿ ಅಡ್ಡಾದೆ. ಧಡ್ ಎಂದಿತು. ಲಿಫ್ಟು ನಿಂತಾಗಲೆಲ್ಲ ಗೋಡೆ ಮಂಚಕ್ಕೆ ಒದೆಯುತ್ತದೆ, ಮಂಚ ತಲೆಗೆ ಒದೆಯುತ್ತದೆ. ಸಂಜೆಯೊಳಗೆ ನೂರ ಹನ್ನೆರಡು ಸಲ, ನಾನು ಎಣಿಸಿದ್ದೇನೆ. ಮರುದಿನ ಚಹಾ ತಂದ ಉದ್ದಣ್ಣನಿಗೆ, “ಇದು ಚಹಾನಾ, ಪಾತ್ರೆ ತೊಳೆದ ನೀರಾ?” ಎಂದು ಕೂಗಿದೆ. ಅವನು ಕೆಳಗೆ ಹೋಗಿ, “ಸಾಹೇಬ್ರು ಆ ದೇಶದೋರಾಗ್ಬಿಟ್ರು” ಎಂದನಂತೆ. ನಾನು ಬುಕಿಂಗ್ ವಿಭಾಗಕ್ಕೆ ಫೋನ್ ಮಾಡಿ ಬೇರೆ ಕೋಣೆ ಕೊಡಿ ಎಂದು ಅರಚಿದೆ. ಆ ಕಡೆ ತಂಗಿ ಇದ್ದಳು. “ಅಣ್ಣಾ, ಆ ರೂಮು ಹಾಗೇನೇ. ನಾನು ನಿಂಗೆ ನಲವತ್ತು ದಿನ ಹೇಳಿದ್ದೆನಲ್ಲ” ಎಂದಳು.

ಕೆಳಗಿಳಿದು ಬಂದು ಹಳೆಯ ವಹಿಗಳನ್ನು ತೆಗೆಸಿದೆ. ಆ ಏಳು ವರ್ಷಗಳಲ್ಲಿ ಆ ದೇಶದಿಂದ ಬಂದವರು ಅರವತ್ತಮೂರು ಮಂದಿ. ಐವತ್ತೆಂಟು ಮಂದಿಯನ್ನು ನಾನು ಆ ಮೂರು ಕೋಣೆಗಳಲ್ಲೇ ಮಲಗಿಸಿದ್ದೇನೆ. ಉಳಿದ ಐವರಿಗೆ ಬೇರೆ ದಾರಿಯಿಲ್ಲದೆ ತೋಟದ ಕಡೆಯ ಕೋಣೆ ಸಿಕ್ಕಿತ್ತು. ಅವರಲ್ಲಿ ಇಬ್ಬರು ಅಭಿಪ್ರಾಯದ ಪುಸ್ತಕದಲ್ಲಿ ಪುಟಗಟ್ಟಲೆ ಹೊಗಳಿದ್ದಾರೆ. ಓಹೋ, ಎಲ್ಲ ಕೋಣೆಯ ತಪ್ಪು, ಜನರದೇನಿಲ್ಲ ಎಂದು ಹೊರಡುವಷ್ಟರಲ್ಲಿ ಮೂರನೆಯವನು ಸಿಕ್ಕಿದ. ತೋಟದ ಕಡೆ ಹಾಯಾಗಿ ಮಲಗಿ, ಎದ್ದು, ನಲ್ಲಿ ಕಿತ್ತುಹಾಕಿ, ಗುಡಿಸುವ ಅಕ್ಕನನ್ನು ಬೈದು ಹೋಗಿದ್ದಾನೆ! ಇನ್ನೊಂದು ಕಡೆ, ಒಮ್ಮೆ ಇನ್ನೂರ ಎಂಟರಲ್ಲಿ ಮಲಗಿದ ಜಪಾನಿನ ಮುದುಕರೊಬ್ಬರು ಹಾಸಿಗೆ ಮಡಚಿಯೇ ಹೋದರಂತೆ. ಹಾಗಾದರೆ ಕೋಣೆಯೋ, ಜನವೋ? ಗೊಣಗುತ್ತಾರೆಂದು ಆ ಕೋಣೆ ಕೊಟ್ಟೆನೋ, ಆ ಕೋಣೆ ಕೊಟ್ಟದ್ದಕ್ಕೆ ಗೊಣಗಿದರೋ? ಮೊದಲು ಯಾವುದು? ಅಧಿಕಾರಿಗಳೇ, ನಿಮ್ಮ ಇಲಾಖೆಯಲ್ಲಿ ಇದಕ್ಕೆ ಉತ್ತರವಿದ್ದರೆ ದಯವಿಟ್ಟು ತಿಳಿಸಿ.

ವಹಿಯಲ್ಲಿ ಎಂಜಿನಿಯರರ ವಿಳಾಸವಿತ್ತು. ನಾನು ಒಂದು ಕಾಗದ ಬರೆದೆ. ನಡೆದದ್ದನ್ನೆಲ್ಲ ಬರೆದೆ. ಒಂಬತ್ತು ದಿನದ ಹಿಂದೆ ಉತ್ತರ ಬಂತು. ನನಗೆ ಒಂದೇ ಸಾಲು: “ಇಷ್ಟು ವರ್ಷಕ್ಕಾದರೂ ಮಲಗಿ ನೋಡಿದಿರಲ್ಲ, ಸಂತೋಷ.” ಅದರೊಳಗೆ ಇನ್ನೊಂದು ಲಕೋಟೆ, ಅಂಟಿಸಿದ್ದು, ಮೇಲೆ ತಂಗಿಯ ಹೆಸರು. ಒಂಬತ್ತು ದಿನದಿಂದ ಅದು ನನ್ನ ಎದೆಯ ಜೇಬಿನಲ್ಲಿದೆ. ದಿನಾ ಒಂದೇ ಮೇಜಿಗೆ ಕೂತು ಉಣ್ಣುತ್ತೇವೆ, ಕೊಡಲಾಗಲಿಲ್ಲ. ಅದರಲ್ಲಿ ಏನಿದೆಯೋ ಗೊತ್ತಿಲ್ಲ. ಅವರಿಗೆ ಹೆಂಡತಿ ಮಕ್ಕಳಿದ್ದಾರೋ, ಅವರು ಬೈದಿದ್ದಾರೋ, ಕರೆದಿದ್ದಾರೋ. ಅವಳ ಮನಸ್ಸು ಮುರಿದೀತೆಂದು ಹೆದರಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅವಳು ಹೋಗಿಬಿಟ್ಟಾಳೆಂದು ಹೆದರಿದೆ. ಆಗಲೂ ಅದೇ ಹೆದರಿಕೆ. ಅವರು ಪಟ್ಟಿಯ ಮೊದಲನೇ ಸ್ಥಾನದ ದೇಶದವರಾಗಿದ್ದರೂ ನಾನು ಇನ್ನೊಂದು ನೆಪ ಹುಡುಕುತ್ತಿದ್ದೆ. ಅರವತ್ತು ತುಂಬಿದ ಮೇಲೆ, ಮೈಕಿನ ಮುಂದೆ ನಿಂತು, ಇದು ನನಗೆ ಈಗ ತಿಳಿಯುತ್ತಿದೆ.

ಯಾವ ದೇಶದವರು ಹೆಚ್ಚು ಇಷ್ಟವಾಗುತ್ತಾರೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಮ್ಯಾನೇಜರ್ ಸಾಹೇಬರೇ. ವಿಷಯ ಮುಗಿಸಲಾರದ್ದಕ್ಕೆ ಕ್ಷಮೆ ಇರಲಿ.

ತಂಗೀ, ಎದ್ದೆಯಾ? ಒಂದು ನಿಮಿಷ ನಿಲ್ಲು. ಅವರು ಹೇಳದೆ ಹೋಗಲಿಲ್ಲಮ್ಮ. ನಿನ್ನನ್ನು ಕೇಳಿ ಬಂದಿದ್ದರು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಇಲ್ಲ ಅಂದವನು ನಾನು. ಈಗ ಹೋಗಬೇಕಾದರೆ ಹೋಗು, ನಾನು ತಡೆಯುವುದಿಲ್ಲ. ಇದೊಂದನ್ನು ಕೈಯಲ್ಲಿ ತೆಗೆದುಕೊಂಡು ಹೋಗು. ನಾನೇ ಇಳಿದು ಬರುತ್ತಿದ್ದೇನೆ. ಇಷ್ಟು ಹೊತ್ತು ಕೇಳಿಸಿಕೊಂಡ ಎಲ್ಲರಿಗೂ ನಾನು ಋಣಿ, ಧನ್ಯವಾದ. ಆ ಸಾಲಿನವರು ಸ್ವಲ್ಪ ಕಾಲು ಸರಿಸಿ, ನನಗೆ ದಾರಿ ಬಿಡಿ. ನಮಸ್ಕಾರ.