ಪರದೆ ಕಪ್ಪಾಗಿದೆ ಕಣೋ

“ಹಲೋ, ಯಾರು ಮಾತಾಡ್ತಿರೋದು?…”

ತಾನೇ ಫೋನ್ ಮಾಡಿ ಹೀಗೆ ಕೇಳಿದ ಟೈಲರ್ ಅಕ್ಕನಿಗೆ ಆ ಕಡೆಯ ದನಿ ಗೊತ್ತಿಲ್ಲದ್ದೇನಲ್ಲ. ಸ್ವಂತ ತಮ್ಮನದು. ಕಂಪ್ಯೂಟರ್ ರಿಪೇರಿ ಮಾಡುವವನು. ಎರಡು ವರ್ಷದ ಹಿಂದೆ, ಅಕ್ಕ ಕೈಯಾರೆ ಕತ್ತರಿಸಿಟ್ಟಿದ್ದ ಅಳತೆ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ತುಂಬಿಸಿದ ಪುಣ್ಯಾತ್ಮ, ಉಪಕಾರ ಪೂರ್ತಿಯಾಗಲೆಂದು ಆ ಕಾಗದಗಳನ್ನು ರದ್ದಿಯವನಿಗೆ ಕೊಟ್ಟಿದ್ದ. ಅವತ್ತು ತಿಂದ ಬೈಗುಳಕ್ಕೆ ಹೊರಟವನು ಮತ್ತೆ ಅಂಗಡಿ ಮೆಟ್ಟಿಲು ಹತ್ತಿರಲಿಲ್ಲ. ಅವನನ್ನು ಹೇಗಾದರೂ ಕರೆಸಿಕೊಳ್ಳಬೇಕು, ಆದರೆ ತಾನಾಗಿ ಕರೆದಂತಿರಬಾರದು. ಅದಕ್ಕೀಗ ಒಂದು ನೆಪ ಸಿಕ್ಕಿತ್ತು.

“… ಹೂಂ, ನಾನೇ. ನಂಬರ್ ಬದಲಾಯ್ಸಿದೀಯೇನೋ ಅಂತ ಕೇಳ್ದೆ. … ಏನು, ‘ಹೇಳಿ’ನಾ? ನಾನೇನು ನಿನ್ ಗಿರಾಕಿನಾ? … ಸರಿ ಬಿಡು, ಗಿರಾಕಿನೇ ಅಂದ್ಕೊ.”

“… ನೀನಿಟ್ಟ ಕಂಪ್ಯೂಟರ್ ತೆವಳ್ತಾ ಇದೆ ಕಣೋ. ಅದು ಒಂದು ತೋಳಿನ ಅಳತೆ ತೋರಿಸೋಷ್ಟ್ರಲ್ಲಿ ಪೂರ್ತಿ ಅಂಗಿ ಹೊಲಿದು ಕಾಜಾನೂ ಹಾಕ್ಬಹುದು. ಬಂದು ನೋಡ್ತೀಯಾ? … ಹಾಂ? ಫೋನಲ್ಲೇ ಆಗತ್ತಾ? … ಓ. ಫೋನಲ್ಲೇ ಆಗತ್ತೆ.”

ಅಕ್ಕನ ಮುಖ ಇಳಿಯಿತು. ಆದರೂ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ಕುರ್ಚಿ ಎಳೆದು ಕೂತಳು.

“… ಒಳಗೆ ಕಂಪ್ಯೂಟರ್ ನಡೆಸೋ ಲಿನಕ್ಸ್ ಹಾಗೇ ಇರತ್ತೆ, ಮೇಲಿನ ಡೆಸ್ಕ್‌ಟಾಪ್ ಮಾತ್ರ ಹಗುರದ್ದು ಹಾಕೋದು, ಅಲ್ವಾ? … ಅಂದ್ರೆ ಆಳು ಅದೇ, ಭಾರದ ಕೋಟು ಬಿಚ್ಚಿ ಬರೀ ಅಂಗಿ ತೊಡಿಸೋದು. ಹಾಗನ್ನು ಮತ್ತೆ! … ನನ್ ಅಳತೆಗಳು ಹೋಗಲ್ಲ ತಾನೇ? ಈಗ ಕಾಗದಾನೂ ಇಲ್ಲ ನನ್ಹತ್ರ. … ಇಲ್ಲಪ್ಪ, ಚುಚ್ಚಲಿಲ್ಲ. ಇರೋದ್ನ ಹೇಳ್ದೆ.”

“… ಕಪ್ಪು ಕಿಟಕಿ ತೆರೆದೆ. ಹೇಳು, ನೀನು ಹೇಳಿದ ಹಾಗೇ ಟೈಪ್ ಮಾಡ್ತೀನಿ. ಸುಡೋ… ಎಪಿಟಿ… ಇನ್‌ಸ್ಟಾಲ್… ಹೂಂ… ಎಕ್ಸ್, ಎಫ್, ಸಿ, ಇ, ನಾಲ್ಕು. ನಾಲಿಗೇನೇ ಹೊರಳಲ್ವಲ್ಲೋ ಇದಕ್ಕೆ! … ಪಾಸ್‌ವರ್ಡ್ ಕೇಳ್ತಿದೆ, ಒತ್ತಿದ್ರೂ ಏನೂ ಕಾಣ್ತಿಲ್ಲ. … ಕಾಣೋದೇ ಇಲ್ವಾ? ಸರಿ. … ನೀನಿಟ್ಟಿದ್ದೇ. … ಇಲ್ಲ, ಬದಲಾಯ್ಸಿಲ್ಲ. ಸೋಮಾರಿತನ, ಇನ್ನೇನಿಲ್ಲ.”

ಪರದೆಯ ಮೇಲೆ ಸಾಲುಗಳು ಓಡತೊಡಗಿದವು. ಅಕ್ಕ ಗುಂಡಿ ಡಬ್ಬಿಯನ್ನು ಸುಮ್ಮನೆ ಅಲುಗಾಡಿಸಿದಳು.

“… ಊಟ ಮಾಡಿದ್ಯಾ? … ಏನಿಲ್ಲ, ಇದು ಓಡ್ತಾ ಇದೆಯಲ್ಲ, ಕೇಳ್ದೆ. … ಹಾಂ, ನಿಂತಿತು. ಲಾಗೌಟ್ ಆದೆ. … ಮೂಲೇಲಿ ಹಲ್ಲಿನ ಚಕ್ರ ಇದೆ. ಅದನ್ನ ಒತ್ತಿ ಹೊಸದನ್ನ ಆರಿಸೋದಾ? … ಆರಿಸ್ದೆ.”

ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸ ಡೆಸ್ಕ್‌ಟಾಪ್ ಬಂದು ಕೂತಿತು. ಅಳತೆಗಳ ಕಡತ ಒತ್ತಿದರೆ ಅದೂ ತಟ್ಟನೆ ತೆರೆಯಿತು. ಇನ್ನು ತಮ್ಮನನ್ನು ಕರೆಸಲು ಯಾವ ನೆಪ ಉಳಿಯಿತು?

“… ಬರ್ಲಿಲ್ಲ ಕಣೋ. ಪರದೆ ಕಪ್ಪಾಗಿದೆ. ಕಗ್ಗತ್ತಲು. … ಆಫ್ ಮಾಡಿ ಆನ್ ಮಾಡೋದಾ? ಹಾಂ, ಮಾಡ್ದೆ. … ಆಗ್ಲೇ ಮಾಡ್ದೆ, ನನ್ ಕೈ ಚುರುಕು! ನೀನೇ ಬರ್ಬೇಕಪ್ಪ. … ಏನದು ಧಡ್ ಅಂತ? … ಬಾಗ್ಲಾ? ಸರಿ.”

“… ಬಂದ್ರೆ ನಿನ್ ಅಂಗಿನೂ ಹೊಲಿದುಕೊಡ್ತೀನಿ. ಅವತ್ತು ಅರ್ಧಕ್ಕೇ ನಿಂತಿತ್ತಲ್ಲ, ಅದೇ. ಎದೆ ಮೂವತ್ತೆಂಟು, ಭುಜ ಹದಿನೇಳು, ತೋಳು ಇಪ್ಪತ್ನಾಲ್ಕೂವರೆ… ಏನು? … ಎಲ್ಲಿ ನೋಡಿ ಹೇಳ್ತಿದೀನಾ?”

ಅಕ್ಕ ನಾಲಿಗೆ ಕಚ್ಚಿಕೊಂಡಳು. ತಮ್ಮನ ಅಂಗಿಯ ಅಳತೆ ಕಣ್ಣೆದುರು ಪರದೆ ತುಂಬ ಬೆಳಗುತ್ತಿತ್ತು.

“… ನಗ್ಬೇಡ. … ನಗ್ಬೇಡ್ವೋ! … ಹೌದು, ಸುಳ್ಳು ಹೇಳ್ದೆ. ಚೆನ್ನಾಗೇ ಬಂದಿದೆ ನಿನ್ ಡೆಸ್ಕ್‌ಟಾಪು. ಬಾ ಅನ್ನಕ್ಕೆ ಬಾಯಿ ಬರ್ಲಿಲ್ಲ, ಅದಕ್ಕೇ ಇಷ್ಟೆಲ್ಲ. … ಕಾಗದದ ಸಿಟ್ಟಾ? ಅದು ಯಾವತ್ತೋ ಹೋಯ್ತು. ನೀನಿಲ್ದೆ ಬೇಜಾರು ಕಣೋ.”

“… ಹಾಂ? ಮೂವತ್ತೆಂಟು ಈಗ ಸಾಲಲ್ವಾ? ಹಾಗಿದ್ರೆ ಟೇಪ್ ಹಿಡೀಲೇಬೇಕು, ಅದು ಫೋನಲ್ಲಿ ಆಗೋ ಕೆಲ್ಸ ಅಲ್ಲ. … ಯಾವಾಗ ಬರ್ತೀಯ? … ಕೇಳಿಸ್ತಿಲ್ಲ, ಏನೋ ಗಾಡಿ ಸದ್ದು. … ಪರದೆ ಕಪ್ಪು ಅಂದಾಗ್ಲೇ ಹೊರಟ್ಯಾ? ಈಗ ಎಲ್ಲಿದೀಯೋ? ಹಲೋ? … ಹಲೋ…”

ಫೋನ್ ಕಟ್ಟಾಯಿತು. ಅಕ್ಕ ಕುತ್ತಿಗೆಯ ಟೇಪನ್ನು ಕೈಗೆ ತೆಗೆದುಕೊಂಡು, ಬಾಗಿಲ ಕಡೆ ತಿರುಗಿ ಕೂತಳು.